ಪೆರಿ ಹೆಸರಿನ ಬೆಳ್ಳಿ ಜಗ್: ಪಾಲಿಷ್ ಮಾಡಿಸಬಹುದಾ?

ಓಹಾಯೋದಿಂದ ಪ್ರಶ್ನೆ: ಮೇಡಂ, ನಮಸ್ಕಾರ. ಇಲ್ಲಿ ಹಳೆ ಮನೆಯೊಂದರ ಸಾಮಾನು ಮಾರಾಟದಲ್ಲಿ ಬೆಳ್ಳಿ ಜಗ್ ಸಿಕ್ಕಿತು. ಮೇಲೆ "ಕಮೋಡೋರ್ ಪೆರಿಗೆ, ಲೇಕ್ ಈರಿ, 10 ಸೆಪ್ಟೆಂಬರ್ 1813" ಎಂದು ಇಂಗ್ಲಿಷಿನಲ್ಲಿ ಕೆತ್ತಿದ್ದಾರೆ. ಆ ದಿನ ಈರಿ ಸರೋವರದ ಕದನದಲ್ಲಿ ಬ್ರಿಟಿಷರನ್ನು ಸೋಲಿಸಿದ ಅಮೆರಿಕದ ನೌಕಾಧಿಕಾರಿ ಈ ಪೆರಿ. ತಳದಲ್ಲಿ ಸಿಂಹ, ಲಂಗರು, 'ಜಿ', 'ಸ್ಟರ್ಲಿಂಗ್', ಪಕ್ಕದಲ್ಲಿ 'ಎಚ್'. ತುಂಬಾ ಕಪ್ಪಾಗಿದೆ. ಅಂಗಡಿಯಲ್ಲಿ ಪಾಲಿಷ್ ಮಾಡಿಸಲಾ? ಎಷ್ಟು ಬೆಲೆ ಬರಬಹುದು?

ಬೆಳ್ಳಿ ಸಂರಕ್ಷಕಿ: ಬೇಡ, ದಯವಿಟ್ಟು ಬೇಡ. ಸಿಂಹ, ಲಂಗರು, ಜಿ ಅಂದ್ರೆ ಅಮೆರಿಕದ ಬೆಳ್ಳಿ ಸಾಮಾನಿನ ಗೋರ್ಹಮ್ ಕಂಪನಿ. ಅವರು ಸ್ಟರ್ಲಿಂಗ್‌ಗೆ, ಅಂದ್ರೆ 92.5% ಬೆಳ್ಳಿಗೆ, ಬಂದಿದ್ದು 1868ರಲ್ಲಿ. ಆಗಿಂದ ವರ್ಷಕ್ಕೊಂದು ಅಕ್ಷರ ಒತ್ತುತ್ತಿದ್ದರು, ಆ ವರ್ಷಕ್ಕೆ 'ಎ'. ಹಾಗಾದರೆ 'ಎಚ್' ಅಂದ್ರೆ 1875. ಪೆರಿ ತೀರಿಕೊಂಡಿದ್ದು 1819ರಲ್ಲಿ. ಈ ಜಗ್ಗನ್ನು ಅವರ ಕೈಗೆ ಯಾರೂ ಕೊಟ್ಟಿಲ್ಲ. ಆ ಕಾಲದ ನಿಜವಾದ ಉಡುಗೊರೆ ಹೇಗಿತ್ತು ಅಂದ್ರೆ, 1812ರಲ್ಲಿ ಬ್ರಿಟಿಷರ ಗೆರಿಯೇರ್ ಹಡಗನ್ನು ಸೋಲಿಸಿದ ಅಮೆರಿಕದ ನೌಕಾ ಕ್ಯಾಪ್ಟನ್ ಐಸಾಕ್ ಹಲ್‌ಗೆ ಫಿಲಡೆಲ್ಫಿಯಾದ ಜನ ದೊಡ್ಡ ಬೆಳ್ಳಿ ಪಾತ್ರೆ ಕೊಟ್ಟರು. ಅದನ್ನು ಮಾಡಿದವರು ಅದೇ ಊರಿನ ಫ್ಲೆಚರ್ ಮತ್ತು ಗಾರ್ಡಿನರ್. ಆಗ ಠಸ್ಸೆ ಅಂದ್ರೆ ಸಾಮಾನ್ಯವಾಗಿ ಮಾಡಿದವರ ಹೆಸರು ಅಷ್ಟೇ.

ನಿಮ್ಮದು ಮನೆಯವರು ನೆನಪಿಗೆ ಮಾಡಿಸಿದ್ದಿರಬಹುದು, ಇಲ್ಲಾ ಬೆಲೆ ಏರಿಸಲು ಯಾರೋ ಆಮೇಲೆ ಕೆತ್ತಿದ್ದಿರಬಹುದು. ಭೂತಗನ್ನಡಿ ಹಿಡಿದು ನೋಡಿ. ಹಳೆ ಗೀರುಗಳು ಅಕ್ಷರದ ಅಂಚಿನ ಮೇಲೂ ಹಾದಿವೆಯಾ, ಇಲ್ಲಾ ಅಕ್ಷರವೇ ಗೀರನ್ನು ಕಡಿದುಕೊಂಡು ಹೋಗಿದೆಯಾ? ಮೊದಲನೆಯದಾದರೆ ಕೆತ್ತನೆ ಹಳೆಯದು, ಎರಡನೆಯದಾದರೆ ಆಮೇಲಿನದು. ಆಮೇಲೆ ಅಕ್ಷರದ ಜಾಗಕ್ಕೆ ಬಾಯಿಂದ ಬಿಸಿ ಉಸಿರು ಬಿಡಿ. ಆವಿ ಕೂತಾಗ ಅಳಿಸಿದ ಕೆತ್ತನೆಯ ನೆರಳು, ಬೆಸುಗೆಯ ಗೆರೆ ಕಾಣಿಸಿಕೊಳ್ಳುತ್ತವೆ. ಪಾಲಿಷ್ ಚಕ್ರಕ್ಕೆ ಕೊಟ್ಟರೆ ಈ ಸಾಕ್ಷಿಯೆಲ್ಲ ಹೋಗುತ್ತದೆ.

ಡಲ್ಲಾಸ್ ಸದಸ್ಯ: ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರು. 5 ನಿಮಿಷ ಸಾಕು. ಫಾರ್ವರ್ಡ್ ಬಂದಿದೆ, ಹಾಕಲಾ?

ಸಂರಕ್ಷಕಿ: ಹಾಕಬೇಡಿ. ಕೆತ್ತನೆಯ ಒಳಗಿನ ಕಪ್ಪೂ ಹೋಗಿ ಅಕ್ಷರ ಮಂಕಾಗುತ್ತದೆ. ಹಿಡಿ ಟೊಳ್ಳಾಗಿದ್ದರೆ ನೀರು ಒಳಗೆ ನಿಲ್ಲುತ್ತದೆ.

ಮೈಸೂರು ಸದಸ್ಯೆ: ನಮ್ಮಜ್ಜಿ ವಿಭೂತಿಯಲ್ಲೇ ಉಜ್ಜುತ್ತಿದ್ದರು. 60 ವರ್ಷ ಏನೂ ಆಗಿಲ್ಲ.

ಡಲ್ಲಾಸ್ ಸದಸ್ಯ: ಅಜ್ಜಿಯ ಪೂಜೆ ತಟ್ಟೆ ಬೇರೆ, ಇದು ಬೇರೆ ಅಮ್ಮಾ.

ಮೈಸೂರು ಸದಸ್ಯೆ: ಸೋಡಾ ಹಾಕಿ ಅಂದವರು ನೀವೇ ಅಲ್ವಾ? ನಮಗೆ ಯಾಕೆ ಪಾಠ?

ಇನ್ನೊಬ್ಬರು: ಟೂತ್‌ಪೇಸ್ಟ್ ಆಗುತ್ತಾ ಮೇಡಂ?

ಸಂರಕ್ಷಕಿ: ಇಲ್ಲ.

ನ್ಯೂಜೆರ್ಸಿ ಸದಸ್ಯ: 1898ರಲ್ಲಿ ಮನಿಲಾ ಕೊಲ್ಲಿಯ ಕದನ ಗೆದ್ದ ಅಮೆರಿಕದ ಅಡ್ಮಿರಲ್ ಡ್ಯೂಯಿಗೆ ಜನ 70,000 ಡೈಮ್, ಅಂದ್ರೆ 10 ಸೆಂಟ್ ನಾಣ್ಯ, ಕೊಟ್ಟು ಕಪ್ ಮಾಡಿಸಿದರಂತೆ. ಅದೂ ಸ್ಟರ್ಲಿಂಗ್ ಬೆಳ್ಳಿನಾ?

ಸಂರಕ್ಷಕಿ: ಆಗಿನ ಡೈಮ್‌ನಲ್ಲಿ 90% ಬೆಳ್ಳಿ. ಸ್ಟರ್ಲಿಂಗ್ 92.5%. ನಾಣ್ಯ ಮಾತ್ರ ಕರಗಿಸಿದ್ದರೆ ಸ್ಟರ್ಲಿಂಗ್ ಆಗುವುದಿಲ್ಲ.

ಮತ್ತೊಬ್ಬರು: ಟೂತ್‌ಪೇಸ್ಟ್ ಬಿಳೀದಾದರೆ?

ಸಂರಕ್ಷಕಿ: ಮೇಲೆ ಓದಿ. ಯಾವ ಬಣ್ಣದ್ದಾದರೂ ಗೀರು ಬೀಳುತ್ತದೆ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಉಣ್ಣೆ ಬಟ್ಟೆಯೂ ಬೇಡ, ಎರಡರಲ್ಲೂ ಗಂಧಕ ಇದೆ. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಉತ್ತರ ಕೊಡುವುದಿಲ್ಲ.

ಡಲ್ಲಾಸ್ ಸದಸ್ಯ: ಇಷ್ಟು ಕೋಪ ಯಾಕೆ? ಸಹಾಯಕ್ಕೆ ಅಂತ ಹೇಳಿದೆ.

ಮೈಸೂರು ಸದಸ್ಯೆ: ಜಗ್ ಹಾಳಾದ ಮೇಲೆ ನಿಮ್ಮ ಸಹಾಯ ಯಾರಿಗೆ ಬೇಕು?

ಓಹಾಯೋ: ಮೇಡಂ, ಉಸಿರು ಬಿಟ್ಟು ನೋಡಿದೆ. ಪೆರಿ ಹೆಸರಿನ ಕೆಳಗೆ ಬಳ್ಳಿಯ ಹಾಗೆ ಇನ್ನೆರಡು ಅಕ್ಷರ ಮೂಡಿ, ಎರಡೇ ಕ್ಷಣದಲ್ಲಿ ಮಾಯವಾದವು. ಒಂದು 'ಡಬ್ಲ್ಯೂ' ಇರಬೇಕು.

ಸಂರಕ್ಷಕಿ: ಹಾಗಾದರೆ ಮೊದಲ ಯಜಮಾನರ ಅಕ್ಷರ ಉಜ್ಜಿ ತೆಗೆದಿದ್ದಾರೆ. ಆ ಜಾಗವನ್ನು ಹೆಬ್ಬೆರಳಿಂದ ಮೆಲ್ಲಗೆ ಒತ್ತಿ, ಸುತ್ತಲಿಗಿಂತ ತೆಳ್ಳಗಿದೆಯಾ ಹೇಳಿ. ಟಾರ್ಚನ್ನು ಪಕ್ಕದಿಂದ ಹಿಡಿದು ಫೋಟೋ ತೆಗೆದು ಕಳಿಸಿ. ಅಲ್ಲಿಯವರೆಗೆ ಬಟ್ಟೆ ಕೂಡ ತಾಗಿಸಬೇಡಿ.