ಬಸ್ ಸ್ಟ್ಯಾಂಡಿನ ಮಕ್ಕಳಿಗೆ ದುಡ್ಡು ಕೊಡಬೇಕಾ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕಾ?

ಉಪ್ಪಳದಾಕೆ: ನಿನ್ನೆ ರಾತ್ರಿ ಒಂಬತ್ತೂವರೆಗೆ ಕಾಸರಗೋಡು ಹೊಸ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಮಕ್ಕಳು ಪೆನ್ನು ಮಾರುತ್ತಿದ್ದರು. ದೊಡ್ಡವಳಿಗೆ ಹತ್ತು ವರ್ಷ ಇರಬಹುದು. "ಅಕ್ಕಾ, ಒಂದ್ ತಗೋರಿ" ಅಂದಳು. ಉತ್ತರ ಕರ್ನಾಟಕದ ಕನ್ನಡ. ಇಪ್ಪತ್ತು ರೂಪಾಯಿ ಕೊಟ್ಟು ಬಸ್ ಹತ್ತಿದೆ. ಮನೆಗೆ ಬಂದರೆ ಊಟ ಸೇರಲಿಲ್ಲ. ನಾನು ಮಾಡಿದ್ದು ಸರಿಯಾ?

ಚೆರ್ಕಳದವ: ದುಡ್ಡು ಸಿಕ್ಕಿದರೆ ನಾಳೆಯೂ ಅವರನ್ನೇ ಕಳಿಸುತ್ತಾರೆ. 1098ಕ್ಕೆ ಫೋನ್ ಮಾಡಬೇಕಿತ್ತು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು.

ಸೀತಾಂಗೋಳಿ: ಮಾಡಿದರೆ ಮಕ್ಕಳನ್ನು ಹೋಂಗೆ (ಮಕ್ಕಳ ಆಶ್ರಯ ಗೃಹಕ್ಕೆ) ಹಾಕುತ್ತಾರೆ, ಅಷ್ಟೇ. ನಮ್ಮ ಬಾಡಿಗೆ ಕ್ವಾರ್ಟರ್ಸಿನಲ್ಲಿ ಕೊಪ್ಪಳ ಕಡೆಯ ಒಬ್ಬಳು ಇದ್ದಾಳೆ. ಗಂಡ ತೀರಿಕೊಂಡಿದ್ದಾನೆ. ಕಲ್ಲು, ಜಲ್ಲಿ ಹೊರುವ ಕೆಲಸ. ಮಳೆ ಹಿಡಿದರೆ ಅದೂ ಇಲ್ಲ. ಆಗ ಮಗ ಪೆನ್ನು ಮಾರಿ ತಂದದ್ದರಲ್ಲೇ ಅಕ್ಕಿ. ಅವನನ್ನು ಅವಳಿಂದ ಬಿಡಿಸಿದರೆ ಯಾರಿಗೆ ಒಳ್ಳೆಯದು?

ಬದಿಯಡ್ಕ ಟೀಚರ್: ಅಣ್ಣಾ, ಆ ಹೆದರಿಕೆ ನನಗೂ ಇತ್ತು. ಆದರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಹೋಂ ಕೊನೆಯ ದಾರಿ. ಕರೆದೊಯ್ದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಸಮಿತಿ ಮನೆಯ ಸ್ಥಿತಿ ವಿಚಾರಿಸುತ್ತದೆ. ನಿಮ್ಮ ಕ್ವಾರ್ಟರ್ಸಿನ ಆ ತಾಯಿಗೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವಕ್ಕೆ, ಅಂದರೆ ಮಗುವನ್ನು ಮನೆಯಲ್ಲೇ ಸಾಕಲು ಕೊಡುವ ಸಹಾಯಧನಕ್ಕೆ, ಅರ್ಜಿ ಹಾಕಿಸಿ. ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಹಳ್ಳಿಯಲ್ಲಾದರೆ ವರ್ಷದ ಆದಾಯ 72,000 ಮೀರಬಾರದು, ಪೇಟೆಯಲ್ಲಿ 96,000. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ. ಆ ದುಡ್ಡು ಬಂದರೆ ಮಗ ಪೆನ್ನು ಹಿಡಿದು ರಾತ್ರಿ ನಿಲ್ಲುವುದು ತಪ್ಪೀತು.

ಚೆರ್ಕಳದವ: ಒಪ್ಪಿದೆ ಟೀಚರ್. ಆದರೆ ಎಲ್ಲ ಮಕ್ಕಳ ಹಿಂದೆ ತಾಯಿಯೇ ಇರುವುದಿಲ್ಲ. ಯಾರೋ ಕರೆತಂದು ದುಡಿಸುವುದೂ ಇದೆ. ಬಸ್ಸಿಗೆ ಕಾಯುವವರಿಗೆ ಅದು ಹೇಗೆ ಗೊತ್ತಾಗಬೇಕು?

ಬದಿಯಡ್ಕ ಟೀಚರ್: ಗೊತ್ತಾಗುವುದಿಲ್ಲ. ಅದಕ್ಕೇ ಫೋನ್ ಮಾಡಿ ಅನ್ನುವುದು. ಫೋಟೊ ಮಾತ್ರ ಎಲ್ಲೂ ಹಾಕಬೇಡಿ.

ಇನ್ನೊಂದು ಮಾತು. ಸೀತಾಂಗೋಳಿ ಅಣ್ಣಾ, ನಿಮ್ಮ ಕ್ವಾರ್ಟರ್ಸಿನ ಆ ಹುಡುಗ ಶಾಲೆಗೆ ಹೋಗುತ್ತಾನಾ? ನಮ್ಮಲ್ಲಿ ಅಂಥ ಒಬ್ಬ ಇದ್ದಾನೆ. ಮಲಯಾಳ ಶಾಲೆಯಲ್ಲಿ ಆರು ತಿಂಗಳು ಬಾಯಿ ಬಿಡದೆ ಕೂತಿದ್ದನಂತೆ. ನಮ್ಮ ಕನ್ನಡ ಶಾಲೆಗೆ ಬಂದ ವಾರದಲ್ಲೇ ಪಾಠದ ಮಧ್ಯೆ "ಅದು ಹಂಗಲ್ರೀ ಟೀಚರ್" ಅಂದ. ನನಗೆ ಕಣ್ಣು ತುಂಬಿತು. ಇಲ್ಲಿನ ಎಷ್ಟೋ ಕನ್ನಡ ಶಾಲೆಗಳಿಗೆ ಮಕ್ಕಳು ಸಾಲದು. ಮನೆಮಾತು ಕನ್ನಡವಾದ ಮಕ್ಕಳು ಬೀದಿಯಲ್ಲಿ! ಜನನ ಪತ್ರ ಇಲ್ಲ ಅಂತ ಸೇರಿಸದೆ ಇರುವ ಹಾಗಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ.

ಸೀತಾಂಗೋಳಿ: ಹೋಗುತ್ತಿಲ್ಲ ಟೀಚರ್. ಕಾಗದಪತ್ರ ಇಲ್ಲ ಅಂತಲೇ ಅವಳು ಸುಮ್ನಿದ್ದಾಳೆ. ನಾಳೆ ಭಾನುವಾರ, ಮನೆಯಲ್ಲಿರುತ್ತಾಳೆ. ಮಾತಾಡುತ್ತೇನೆ. ನಿಮ್ಮ ಶಾಲೆಗೆ ಬೆಳಿಗ್ಗೆ ಎಷ್ಟು ಗಂಟೆಗೆ ಬರಬೇಕು?