ರಾಕ್ ಪತ್ರಿಕೆಗೆ ಯಾವ ಬಣ್ಣ, ಯಾವ ಫಾಂಟ್? ಅನುಭವ ಇದ್ದವರು ಹೇಳಿ

ಕೇಳಿದ್ದು:
ನಾವು ಕೆಲವು ಗೆಳೆಯರು ಸೇರಿ ರಾಕ್ ಸಂಗೀತಕ್ಕೇ ಅಂತ ಒಂದು ಪತ್ರಿಕೆ ತರುತ್ತಿದ್ದೇವೆ. ಅಚ್ಚು ಹಾಕಿಸುತ್ತೇವೆ, ಪಿಡಿಎಫ್ ಕೂಡ ಇರುತ್ತದೆ. ಬರಹ, ಫೋಟೊ ಎಲ್ಲ ಸಿದ್ಧ ಇದೆ. ಬಣ್ಣ, ಫಾಂಟ್ ವಿಷಯದಲ್ಲಿ ಮಾತ್ರ ಮಾತು ಮುಗಿಯುತ್ತಿಲ್ಲ. ಒಬ್ಬರಿಗೆ ಕಪ್ಪು, ಕೆಂಪು ಬಿಟ್ಟು ಬೇರೇನೂ ಬೇಡ. ಇನ್ನೊಬ್ಬರಿಗೆ ಗೀಚಿದ, ಒಡೆದ ಅಕ್ಷರವೇ ಬೇಕು. ನನಗೆ ಓದುವವರ ಕಣ್ಣು ನೋಯಬಾರದು ಅಂತ ಆಸೆ. ಇಂಥ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಪುಟ ವಿನ್ಯಾಸ ಮಾಡುವವರೊಬ್ಬರು:
ಮೊದಲು ಫೋಟೊಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು ನೋಡಿ. ಬಣ್ಣದ ಮಾತು ಆಮೇಲೆ. ರಾಕ್ ಪತ್ರಿಕೆಯ ಪುಟಕ್ಕೆ ಅರ್ಧ ಬಣ್ಣ ವೇದಿಕೆಯ ಲೈಟಿನಿಂದಲೇ ಬಂದಿರುತ್ತದೆ. ಎಲ್‌ಇಡಿ ದೀಪದ ಕೆಳಗೆ ತೆಗೆದ ಫೋಟೊದಲ್ಲಿ ಹಾಡುವವರ ಮುಖ ಪೂರ್ತಿ ನೀಲಿ, ಇಲ್ಲವೇ ಕಡುಗುಲಾಬಿ. ಹಿಂದೆ ಡ್ರಮ್ಸ್ ಕೆಂಪಿನಲ್ಲಿ ಮುಳುಗಿರುತ್ತದೆ. ಅದರ ಪಕ್ಕದಲ್ಲಿ ನೀವೂ ಒಂದು ಕೆಂಪು ಪಟ್ಟಿ, ಹಳದಿ ಹೆಡ್ಡಿಂಗ್ ಇಟ್ಟರೆ ಪುಟದಲ್ಲಿ ಎಲ್ಲವೂ ಕಿರುಚುತ್ತದೆ, ಯಾವುದೂ ಕೇಳಿಸುವುದಿಲ್ಲ. ಒಂದು ಪುಟದಲ್ಲಿ ಒಂದೇ ಗಟ್ಟಿ ದನಿ ಇರಲಿ. ಫೋಟೊ ಜೋರಾಗಿದ್ದರೆ ಅಕ್ಷರ ತಣ್ಣಗಿರಲಿ. ಫೋಟೊ ಸಪ್ಪೆ ಇದ್ದರೆ ಹೆಡ್ಡಿಂಗ್ ಪುಟದ ತುಂಬ ಬರಲಿ.

ನಾನು ಇಟ್ಟುಕೊಳ್ಳುವ ಬಣ್ಣಗಳು ಇಷ್ಟೇ. ಕಪ್ಪು, ಕಾಗದದ ಬಿಳಿ, ಒಂದು ಖಾಯಂ ಬಣ್ಣ, ಜೊತೆಗೆ ಸಂಚಿಕೆಯಿಂದ ಸಂಚಿಕೆಗೆ ಬದಲಾಗುವ ಒಂದು ಬಣ್ಣ. ಬದಲಾಗುವುದನ್ನು ಮುಖಪುಟದ ಫೋಟೊದಿಂದಲೇ ಎತ್ತಿಕೊಳ್ಳುತ್ತೇನೆ. ಅದರಲ್ಲೂ ಲೈಟಿನ ಬಣ್ಣ ಬಿಟ್ಟು ವಸ್ತುವಿನ ಬಣ್ಣ ಆರಿಸುತ್ತೇನೆ. ಸವೆದ ಜಾಕೆಟ್ಟಿನ ಕಂದು, ಗಿಟಾರಿನ ಮೈಯ ಹಸಿರು, ಹೀಗೆ. ಲೈಟಿನ ಬಣ್ಣ ಎಲ್ಲ ಬ್ಯಾಂಡಿಗೂ ಒಂದೇ ಥರ ಇರುತ್ತದೆ. ಗಿಟಾರಿನ ಬಣ್ಣ ಆ ಒಬ್ಬರದ್ದು.

ಕೆಂಪು ಲೈಟಿನ ಫೋಟೊ ತೀರಾ ಕೆಟ್ಟಿದ್ದರೆ ಕಪ್ಪು ಬಿಳುಪು ಮಾಡಿ. ಆದರೆ ಸುಮ್ನೆ ಬಣ್ಣ ತೆಗೆದುಬಿಟ್ಟರೆ ಸಾಲದು, ಮುಖ ಮಂಕಾಗುತ್ತದೆ. ಫೋಟೊದಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರು ಪದರ, ಅಂದರೆ ಚಾನೆಲ್, ಇರುತ್ತವೆ. ಚಾನೆಲ್‌ಗಳನ್ನು ಒಂದೊಂದಾಗಿ ತೆರೆದು ನೋಡಿ. ಕೆಂಪು ಚಾನೆಲ್ಲಿನಲ್ಲಿ ಮುಖ ಬೆಳ್ಳಗೆ ಸುಟ್ಟುಹೋಗಿರುತ್ತದೆ, ಹಸಿರಿನಲ್ಲಿ ಕಣ್ಣು, ಬೆವರು, ಕೂದಲೆಳೆ ಇನ್ನೂ ಉಳಿದಿರುತ್ತವೆ. ನೀಲಿಯಲ್ಲಿ ಕಾಳುಕಾಳು ಜಾಸ್ತಿ. ಹಸಿರಿಗೆ ಹೆಚ್ಚು ಪಾಲು ಕೊಟ್ಟು ಬೆರೆಸಿದರೆ ಎಷ್ಟೋ ಫೋಟೊಗಳಿಗೆ ಜೀವ ಬರುತ್ತದೆ. ಮೇಲೆ ನಿಮ್ಮ ಖಾಯಂ ಬಣ್ಣ ಸೇರಿಸಿ ಎರಡೇ ಬಣ್ಣದ ಫೋಟೊ (ಡ್ಯುಯೋಟೋನ್) ಮಾಡಿದರೆ ನಾಲ್ಕು ಜನ ನಾಲ್ಕು ಕಡೆ ತೆಗೆದ ಫೋಟೊಗಳೂ ಒಂದೇ ಪತ್ರಿಕೆಯವು ಅನ್ನಿಸುತ್ತವೆ.

ಕಪ್ಪು, ಕೆಂಪು ಬೇಕು ಅನ್ನುವ ನಿಮ್ಮ ಗೆಳೆಯರ ಮಾತಿನಲ್ಲಿ ತಪ್ಪಿಲ್ಲ. ಎಲ್ಲರೂ ಬಳಸುತ್ತಾರೆ ಅಂತ ಬಿಡಬೇಕಾಗಿಯೂ ಇಲ್ಲ. ಕಪ್ಪಿನ ಮೇಲೆ ಕೆಂಪು ಅಕ್ಷರ ಮಾತ್ರ ಬೇಡ, ಅದರಲ್ಲೂ ಸಣ್ಣ ಅಕ್ಷರ. ಗಾಢ ಕೆಂಪು ಕಪ್ಪಿನಲ್ಲಿ ಇಂಗಿಹೋಗುತ್ತದೆ. ಕೆಂಪು ಗುರುತಿಸುವುದು ಕಷ್ಟ ಇರುವವರಿಗೆ ಅದು ಇನ್ನೂ ಕಪ್ಪಾಗಿ ಕಾಣುತ್ತದೆ, ಆ ತೊಂದರೆ ಗಂಡಸರಲ್ಲೇ ಜಾಸ್ತಿ. ಕೆಂಪಿನ ಮೇಲೆ ಬಿಳಿ ದಪ್ಪ ಅಕ್ಷರ ಇಡಿ. ಕಪ್ಪಿನ ಮೇಲೆ ಹಳದಿ ಇಟ್ಟರೆ ದೂರದಿಂದಲೇ ಕಣ್ಣಿಗೆ ಬೀಳುತ್ತದೆ.

ಇನ್ನೊಂದು. ಕೆಂಪು, ಹಸಿರಿನಂಥ ಎದುರುಬದುರು ಬಣ್ಣಗಳು ಒಂದೇ ಮಟ್ಟದ ಹೊಳಪಿನಲ್ಲಿ ಒತ್ತಿ ಕೂತರೆ ಅವುಗಳ ಅಂಚು ನಡುಗುತ್ತದೆ. 1960ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ರಾಕ್ ಪೋಸ್ಟರ್‌ಗಳಲ್ಲಿ ವಿಕ್ಟರ್ ಮೊಸ್ಕೊಸೊ ಈ ನಡುಕವನ್ನು ಬೇಕೆಂದೇ ತಂದರು. ಅವರು ಯೇಲ್ ವಿಶ್ವವಿದ್ಯಾಲಯದಲ್ಲಿ ಬಣ್ಣದ ಪಾಠಕ್ಕೆ ಹೆಸರಾದ ಜೋಸೆಫ್ ಆಲ್ಬರ್ಸ್ ಕೈಕೆಳಗೆ ಓದಿದವರು, ಬಣ್ಣದ ನಿಯಮ ಚೆನ್ನಾಗಿ ಗೊತ್ತಿದ್ದೇ ತಿರುವಿ ಹಾಕಿದವರು. ಆ ಪೋಸ್ಟರ್‌ಗಳು ನನಗೆ ತುಂಬ ಇಷ್ಟ. ಮುಖಪುಟಕ್ಕೆ, ಪೋಸ್ಟರ್ ಪುಟಕ್ಕೆ ಆ ನಡುಕ ತನ್ನಿ. ಆರು ಪುಟದ ಸಂದರ್ಶನಕ್ಕೆ ಬೇಡ. ಅನುಮಾನ ಬಂದರೆ ಪುಟದ ಬಣ್ಣವೆಲ್ಲ ತೆಗೆದು ಗ್ರೇಸ್ಕೇಲ್ ಮಾಡಿ ನೋಡಿ. ಅಕ್ಷರವೂ ಹಿನ್ನೆಲೆಯೂ ಒಂದೇ ಬೂದು ಆದರೆ ಓದುಗರು ಕಷ್ಟಪಡುತ್ತಾರೆ ಅಂತಲೇ ಅರ್ಥ.

ಅಕ್ಷರ ಬರೆಯುವ ಕೆಲಸದವರು:
ಬಣ್ಣದ ಬಗ್ಗೆ ಮೇಲಿನವರು ಹೇಳಿದ್ದು ಸರಿ. ನಾನು ಅಕ್ಷರದ ಬಗ್ಗೆ ಹೇಳುತ್ತೇನೆ.

ಪತ್ರಿಕೆಯ ಹೆಸರನ್ನು ಕೈಯಲ್ಲಿ ಬರೆಸಿ. ಯಾವುದೋ ಫಾಂಟಿನಲ್ಲಿ ಟೈಪ್ ಮಾಡಿ ಮುಗಿಸಬೇಡಿ. 1967ರಲ್ಲಿ ಅಮೆರಿಕದ ಸಂಗೀತ ಪತ್ರಿಕೆ ರೋಲಿಂಗ್ ಸ್ಟೋನ್ ಶುರುವಾದಾಗ ಅದರ ಹೆಸರು ಬರೆದವರು ಪೋಸ್ಟರ್ ಕಲಾವಿದ ರಿಕ್ ಗ್ರಿಫಿನ್. 1981ರಲ್ಲಿ ಬ್ರಿಟನ್ನಿನಲ್ಲಿ ಬಂದ ಕೆರಾಂಗ್ ಪತ್ರಿಕೆಯ ಹೆಸರೇ ಗಿಟಾರಿನ ಸದ್ದು, ಅದರ ಅಕ್ಷರಗಳೂ ಆ ಸದ್ದಿಗೆ ಬಿರುಕು ಬಿಟ್ಟಂತಿವೆ. ಹೆಸರಿಗೆ ಒಂದು ಆಕಾರ ಸಿಕ್ಕರೆ ಅರ್ಧ ಮುಚ್ಚಿದರೂ ಜನ ಗುರುತು ಹಿಡಿಯುತ್ತಾರೆ.

ಗೀಚಿದ ಫಾಂಟ್ ಬೇಕು ಅನ್ನುವವರು ಒಂದು ಕೆಲಸ ಮಾಡಿ. ಆ ಫಾಂಟಿನಲ್ಲಿ ಇಂಗ್ಲಿಷಿನ 'ರೋಲ್' ಪದ ಬರೆದು ದೊಡ್ಡದು ಮಾಡಿ ನೋಡಿ. ಕೊನೆಯಲ್ಲಿ ಎರಡು 'ಎಲ್' ಅಕ್ಕಪಕ್ಕ ಬರುತ್ತವೆ. ಸಾಮಾನ್ಯವಾಗಿ ಎರಡರ ಮೇಲೂ ಅದೇ ಜಾಗದಲ್ಲಿ ಅದೇ ಗೀರು, ಅದೇ ಚುಕ್ಕೆ ಇರುತ್ತದೆ. ಅಲ್ಲಿಗೆ ಅದು ಕಂಪ್ಯೂಟರಿನ ಗೀರು ಅಂತ ಗೊತ್ತಾಗಿಹೋಯಿತು. ಅದಕ್ಕೆ ನಾನು ನೆಟ್ಟಗಿನ ದಪ್ಪ ಫಾಂಟಿನಲ್ಲೇ ಹೆಡ್ಡಿಂಗ್ ಮಾಡಿ ಪ್ರಿಂಟ್ ತೆಗೆಯುತ್ತೇನೆ. ಕಾಗದವನ್ನು ಮುದುರಿ ಬಿಡಿಸುತ್ತೇನೆ, ಮರಳು ಕಾಗದದಿಂದ ಒಂದೆರಡು ಕಡೆ ಉಜ್ಜುತ್ತೇನೆ. ಅದರ ಜೆರಾಕ್ಸ್ ತೆಗೆದು, ಜೆರಾಕ್ಸಿನ ಜೆರಾಕ್ಸ್ ತೆಗೆದು, ಕೊನೆಗೆ 600 ಡಿಪಿಐಗೆ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡುತ್ತೇನೆ. ಒಂದೊಂದು ಅಕ್ಷರ ಒಂದೊಂದು ಥರ ಸವೆದಿರುತ್ತದೆ. ಒರಟು ರಾಕ್ ಆದ ಪಂಕ್ ಕಾಲದವರಿಗೆ ಇದು ಹೊಸದಲ್ಲ. 1976ರಲ್ಲಿ ಲಂಡನ್ನಿನಲ್ಲಿ ಮಾರ್ಕ್ ಪೆರಿ ಶುರು ಮಾಡಿದ ಸ್ನಿಫಿನ್ ಗ್ಲೂ ಪತ್ರಿಕೆ ಟೈಪ್‌ರೈಟರ್, ಸ್ಕೆಚ್ ಪೆನ್, ಜೆರಾಕ್ಸ್ ಇಷ್ಟರಲ್ಲೇ ತಯಾರಾಗುತ್ತಿತ್ತು. ಅದರ ಒರಟುತನ ಕೆಲಸದಿಂದಲೇ ಹುಟ್ಟಿದ್ದು.

ಪ್ರತಿ ಅಕ್ಷರಶೈಲಿಗೂ ಒಂದು ಮನೆತನ ಇರುತ್ತದೆ. ಹಳೆಯ ಯುರೋಪಿನ ಹಸ್ತಪ್ರತಿಯಂಥ ಚೂಪು ಮೂಲೆಯ ಬ್ಲ್ಯಾಕ್‌ಲೆಟರ್ ನೋಡಿದ ಕೂಡಲೇ ಜನ ಗಡಸು ರಾಕ್, ಅಂದರೆ ಮೆಟಲ್, ಅಂದುಕೊಳ್ಳುತ್ತಾರೆ. ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದಂಥ ಅಕ್ಷರ ಅಂದರೆ ಪಂಕ್, ಆ ಬಗೆಯ ಬ್ಯಾಂಡ್ ಸೆಕ್ಸ್ ಪಿಸ್ಟಲ್ಸ್‌ಗೆ ಕಲಾವಿದ ಜೇಮಿ ರೀಡ್ ಮಾಡಿಕೊಟ್ಟ ಮೇಲೆ ಅದು ಗಟ್ಟಿಯಾಗಿ ನಿಂತಿತು. ಉಬ್ಬಿದ ಕೂಪರ್ ಬ್ಲ್ಯಾಕ್ ಫಾಂಟ್ ಹುಟ್ಟಿದ್ದು 1922ರಲ್ಲಿ, ಆದರೆ ಕಣ್ಣಿಗೆ 70ರ ದಶಕ ತಂದು ನಿಲ್ಲಿಸುತ್ತದೆ. ನೀವು ಎಲ್ಲ ಬಗೆಯ ರಾಕ್ ಬಗ್ಗೆ ಬರೆಯುವವರಾದರೆ ಇವು ಆಯಾ ಲೇಖನದ ಹೆಡ್ಡಿಂಗಿಗೆ ಮಾತ್ರ ಇರಲಿ. ಇಡೀ ಪತ್ರಿಕೆಗೆ ಒಂದು ಕಿರಿದಾದ, ದಪ್ಪ ಸ್ಯಾನ್ಸ್ (ತುದಿಯಲ್ಲಿ ಪುಟ್ಟ ಗೆರೆ ಇಲ್ಲದ ಅಕ್ಷರ) ಸಾಕು. ಲೀಗ್ ಗಾಥಿಕ್ ಫಾಂಟ್ ಉಚಿತ, 1903ರ ಆಲ್ಟರ್ನೇಟ್ ಗಾಥಿಕ್ ನೋಡಿ ಮಾಡಿದ್ದು. ಉದ್ದದ ಬ್ಯಾಂಡ್ ಹೆಸರೂ ಒಂದೇ ಸಾಲಿನಲ್ಲಿ ದೊಡ್ಡದಾಗಿ ಕೂರುತ್ತದೆ. ಆಸ್ವಾಲ್ಡ್ ಕೂಡ ಆಗಬಹುದು. ಬೇಬಸ್ ನ್ಯೂ ಚೆನ್ನಾಗಿದೆ, ಆದರೆ ಅದರಲ್ಲಿ ದೊಡ್ಡಕ್ಷರ ಮಾತ್ರ ಇದೆ.

ಇಂಗ್ಲಿಷ್ ಲೇಖನದ ಒಳಗಿನ ಅಕ್ಷರಕ್ಕೆ ಶಾಂತವಾದ ಒಂದು ಸೆರಿಫ್ (ತುದಿಯಲ್ಲಿ ಪುಟ್ಟ ಗೆರೆ ಇರುವ ಅಕ್ಷರ), 9 ಅಥವಾ 9.5 ಪಾಯಿಂಟ್, ಸಾಲಿನ ಅಂತರ 12ರಿಂದ 13. ಅಲ್ಲಿ ರಾಕ್ ತೋರಿಸಲು ಹೋಗಬೇಡಿ. ಇನ್ನೊಂದು ಮಾತು, 'ಸ್ವಂತ ಬಳಕೆಗೆ ಉಚಿತ' ಅಂತ ಇರುವ ಫಾಂಟನ್ನು ಮಾರುವ ಪತ್ರಿಕೆಗೆ ಬಳಸುವ ಹಾಗಿಲ್ಲ. ಲೈಸೆನ್ಸ್ ಓದಿಯೇ ಇಳಿಸಿಕೊಳ್ಳಿ.

ಹಳೆಯ ಓದುಗರೊಬ್ಬರು:
ನಾನು ವಿನ್ಯಾಸದವನಲ್ಲ, ಈ ಪತ್ರಿಕೆಗಳನ್ನು ಕೂಡಿಟ್ಟುಕೊಂಡವನು. ಎಲ್ಲರೂ ತಣ್ಣಗಿರಲಿ ಅನ್ನುತ್ತಿದ್ದೀರಿ. ಅದಕ್ಕೆ ರೇ ಗನ್ ಪತ್ರಿಕೆ ನೆನಪು ಮಾಡುತ್ತಿದ್ದೇನೆ. 1992ರಲ್ಲಿ ಬಂದದ್ದು, ವಿನ್ಯಾಸ ಡೇವಿಡ್ ಕಾರ್ಸನ್ ಅವರದ್ದು. ಹಾಡುಗಾರ ಬ್ರಯಾನ್ ಫೆರಿ ಸಂದರ್ಶನ ಸಪ್ಪೆ ಅನ್ನಿಸಿತು ಅಂತ 1994ರಲ್ಲಿ ಇಡೀ ಲೇಖನವನ್ನು ಜಾಫ್ ಡಿಂಗ್‌ಬ್ಯಾಟ್ಸ್‌ನಲ್ಲಿ ಹಾಕಿದರು. ಅದರಲ್ಲಿ ಅಕ್ಷರವೇ ಇಲ್ಲ, ಬರೀ ಚಿಹ್ನೆಗಳು. ಓದಬಹುದಾದ ಪ್ರತಿಯನ್ನು ಅದೇ ಸಂಚಿಕೆಯ ಕೊನೆಯಲ್ಲಿ ಕೊಟ್ಟರು ಅನ್ನುವುದನ್ನು ಜನ ಮರೆಯುತ್ತಾರೆ. ಎಷ್ಟು ಧೈರ್ಯ ಅದು! ಸಂಚಿಕೆಗೆ ಒಂದು ಲೇಖನವನ್ನಾದರೂ ಹೀಗೆ ಬಿಟ್ಟುಕೊಡಿ. ಆ ಎರಡು ಪುಟಕ್ಕೆ ಯಾವ ನಿಯಮವೂ ಬೇಡ. ಉಳಿದ ಪುಟಗಳು ಅಚ್ಚುಕಟ್ಟಾಗಿದ್ದರೇ ಆ ಎರಡು ಪುಟ ಎದ್ದು ಕಾಣುವುದು.

ಮುದ್ರಣದ ಕಡೆಯವರು:
ಪರದೆಯ ಮೇಲೆ ಹೊಳೆಯುವ ನಿಯಾನ್ ಹಸಿರು, ಕಡುಗುಲಾಬಿ ನಾಲ್ಕು ಬಣ್ಣದ ಅಚ್ಚಿನಲ್ಲಿ ಬರುವುದಿಲ್ಲ, ಮಂಕಾಗುತ್ತವೆ. ಅದೇ ಬೇಕು ಅಂದರೆ ಸ್ಪಾಟ್ ಕಲರ್, ಅಂದರೆ ಮೊದಲೇ ಬೆರೆಸಿದ ಬೇರೆ ಶಾಯಿ, ಹಾಕಿಸಬೇಕು, ಖರ್ಚು ಬೇರೆ. ಫೈಲನ್ನು ಮೊದಲೇ ಸಿಎಂವೈಕೆ (ಅಚ್ಚಿನ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಶಾಯಿಗಳ ಲೆಕ್ಕ) ಮಾಡಿಕೊಂಡು ಬಣ್ಣ ಆರಿಸಿ, ಆಮೇಲೆ ನಿರಾಸೆ ಆಗುವುದಿಲ್ಲ.

ಕಪ್ಪಿನ ವಿಷಯ ತುಂಬ ಮುಖ್ಯ, ನಿಮ್ಮದು ಕಪ್ಪು ಜಾಸ್ತಿ ಇರುವ ಪತ್ರಿಕೆ. ಇಡೀ ಪುಟಕ್ಕೆ ಬರೀ ಕಪ್ಪು ಶಾಯಿ ಶೇಕಡ 100 ಹಾಕಿದರೆ ತೊಳೆದ ಬೂದಿನಂತೆ ಬರುತ್ತದೆ. ಅಲ್ಲಿ ಸಯಾನ್ 60, ಮೆಜೆಂಟಾ 40, ಹಳದಿ 40, ಕಪ್ಪು 100 ಬೆರೆಸಿದ ರಿಚ್ ಬ್ಲ್ಯಾಕ್ ಕೊಡಿ. ಲೇಖನದ ಸಣ್ಣ ಅಕ್ಷರಕ್ಕೆ ಮಾತ್ರ ಬರೀ ಕಪ್ಪೇ ಇರಲಿ. ನಾಲ್ಕು ಪ್ಲೇಟು ಕೂದಲೆಳೆಯಷ್ಟು ಸರಿದರೂ ಸಣ್ಣ ಅಕ್ಷರದ ಅಂಚಿನಲ್ಲಿ ಬಣ್ಣದ ನೆರಳು ಕಾಣುತ್ತದೆ. ಕಪ್ಪು ಪುಟದ ಮೇಲೆ ಬಿಳಿ ಅಕ್ಷರ ಇಟ್ಟಾಗಲೂ ಅಷ್ಟೇ, ಸುತ್ತಲಿನ ಶಾಯಿ ಒಳಗೆ ಹರಡಿ ಸೆರಿಫಿನ ತೆಳು ಗೆರೆಗಳು ತುಂಬಿಹೋಗುತ್ತವೆ. ಅಲ್ಲಿ ಸ್ವಲ್ಪ ದಪ್ಪ ಸ್ಯಾನ್ಸ್ ಹಾಕಿ, ಒಂದು ಪಾಯಿಂಟ್ ದೊಡ್ಡದು ಮಾಡಿ. ನುಣುಪಿಲ್ಲದ ಕಾಗದವಾದರೆ ಶಾಯಿ ಇನ್ನೂ ಹೀರುತ್ತದೆ. ಒಟ್ಟು ಶಾಯಿ ಎಷ್ಟರವರೆಗೆ ಹೋಗಬಹುದು ಅಂತ ಪ್ರೆಸ್ಸಿನವರನ್ನು ಮೊದಲೇ ಕೇಳಿ. ನಿಮ್ಮ ಕಾಗದದ ಮೇಲೆಯೇ ಒಂದು ಪುಟ ಪ್ರೂಫ್ ತೆಗೆಸಿ.

ಕನ್ನಡದಲ್ಲಿ ಪುಟ ಕಟ್ಟುವವರು:
ಕನ್ನಡದಲ್ಲೂ ಹೆಡ್ಡಿಂಗ್ ಹಾಕುವುದಾದರೆ ಅನೆಕ್ ಕನ್ನಡ ನೋಡಿ. ಒಂದೇ ಫಾಂಟಿನಲ್ಲಿ ತೆಳುವಿನಿಂದ ತುಂಬ ದಪ್ಪದವರೆಗೆ, ಕಿರಿದರಿಂದ ಅಗಲದವರೆಗೆ ಎಲ್ಲ ಇದೆ. ಫಾಂಟಿನಲ್ಲೇ ಇರುವ ಕಿರಿದು ರೂಪ ತೆಗೆದುಕೊಂಡು ದಪ್ಪ ಏರಿಸಿದರೆ ಪೋಸ್ಟರಿನ ಗತ್ತು ಬರುತ್ತದೆ. ಒತ್ತಕ್ಷರಕ್ಕೆ ಜಾಗ ಬೇಕು, ಹಾಗಾಗಿ ಮೇಲೆ ಹೇಳಿದ ಇಂಗ್ಲಿಷ್ ಸಾಲಿನ ಅಂತರ ಇಲ್ಲಿ ಸಾಲದು. ಲೇಖನದ ಒಳಗೆ 11 ಪಾಯಿಂಟಿಗೆ 16 ಕೊಟ್ಟು ಶುರು ಮಾಡಿ. ಅಕ್ಷರವನ್ನು ಎಳೆದು, ಅಮುಕಿ ಕಿರಿದು ಮಾಡಲು ಹೋಗಬೇಡಿ, ದುಂಡು ಕೆಟ್ಟು ಗುರುತೇ ಸಿಗುವುದಿಲ್ಲ.

ಕೇಳಿದವರು ಮತ್ತೆ:
ತುಂಬ ಉಪಕಾರ ಆಯಿತು. ಹೆಸರು ಬರೆಸುವುದು ಅಂತ ತೀರ್ಮಾನ ಮಾಡಿದೆವು. ಖಾಯಂ ಬಣ್ಣ ಕೆಂಪೇ ಇರಲಿ ಅಂದುಕೊಂಡಿದ್ದೇವೆ. ಆದರೆ ಮುಖಪುಟದಲ್ಲಿ ಹೆಸರಿನ ಬಣ್ಣ ಪ್ರತಿ ಸಲ ಬದಲಿಸಬಹುದಾ? ಕೆಂಪು ಲೈಟಿನ ಫೋಟೊ ಬಂದರೆ ಹೆಸರು ಕಾಣುವುದೇ ಇಲ್ಲ ಅಲ್ವಾ?

ಪುಟ ವಿನ್ಯಾಸ ಮಾಡುವವರು:
ಧಾರಾಳವಾಗಿ ಬದಲಿಸಿ. ಆಕಾರ, ಅಳತೆ, ಜಾಗ ಇವು ಮೂರು ಬದಲಾಗದಿದ್ದರೆ ಸಾಕು. ಕೆಂಪು ಫೋಟೊ ಬಂದಾಗ ಹೆಸರು ಬಿಳಿ ಆಗಲಿ, ಕೆಂಪನ್ನು ಬೆನ್ನಿನ ಪಟ್ಟಿಯಲ್ಲಿ, ಪುಟಸಂಖ್ಯೆಯಲ್ಲಿ ಉಳಿಸಿಕೊಳ್ಳಿ. ಗಿಟಾರಿನ ತುದಿಯೋ ಹಾಡುವವರ ತಲೆಯೋ ಹೆಸರಿನ ಮೇಲೆ ಸ್ವಲ್ಪ ಬಂದರೂ ಪರವಾಗಿಲ್ಲ. ಮೊದಲ ಒಂದೆರಡು ಸಂಚಿಕೆಯಲ್ಲಿ ಮಾತ್ರ ಹೆಸರು ಪೂರ್ತಿ ಕಾಣುವಂತೆ ಇಡಿ. ಪಿಡಿಎಫ್ ಅನ್ನು ಒಮ್ಮೆ ಫೋನಿನಲ್ಲಿ ತೆರೆದು, ಮುಖಪುಟ ಹೆಬ್ಬೆರಳಷ್ಟು ಸಣ್ಣದಾದಾಗ ಹೆಸರು ಓದಲು ಬರುತ್ತದಾ ಅಂತ ನೋಡಿಯೇ ಅಚ್ಚಿಗೆ ಕಳಿಸಿ.