ಐಸಿಯುವಿನಲ್ಲಿ ‘ಪುನರ್ವಸತಿ’ ಎಂದರೆ ಎಲ್ಲಿಗೆ?

ಗೆಳೆಯರಿಗೆ ನಮಸ್ಕಾರ.

ಐಸಿಯುವಿನಲ್ಲಿ ಮಲಗಿರುವವರ ಮನೆಯವರಿಗೆಂದು ನಾಲ್ಕು ಪುಟದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ವೆಂಟಿಲೇಟರ್ ಹಾಕಿರುವ ರೋಗಿಯ ಕೈಕಾಲು ಆಡಿಸುವುದು, ಮಗ್ಗುಲು ಬದಲಿಸುವುದು, ಎತ್ತಿ ಕೂರಿಸುವುದು, ಸಾಧ್ಯವಾದರೆ ನಾಲ್ಕು ಹೆಜ್ಜೆ ನಡೆಸುವುದು, ಇಷ್ಟನ್ನೂ ಇಂಗ್ಲಿಷ್ ಮೂಲ ‘ರಿಹ್ಯಾಬಿಲಿಟೇಶನ್’ ಎಂಬ ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತದೆ. ನಾನೂ ರೂಢಿಯಂತೆ ‘ದೈಹಿಕ ಪುನರ್ವಸತಿ’ ಎಂದು ಬರೆದೆ. ಅಚ್ಚಿಗೆ ಕೊಡುವ ಮೊದಲು ಕರಡನ್ನು ಒಬ್ಬ ಹೆಂಗಸಿಗೆ ಓದಲು ಕೊಟ್ಟೆವು. ಬಾಗಲಕೋಟೆ ಕಡೆಯವರು, ಗಂಡ ಹನ್ನೊಂದು ದಿನದಿಂದ ಒಳಗಿದ್ದರು. ಎರಡು ಸಲ ಓದಿ, ಹಾಳೆ ಮಡಚಿ ಕೈಯಲ್ಲಿಟ್ಟುಕೊಂಡು ಕೇಳಿದರು: “ನಮ್ಮ ಯಜಮಾನರನ್ನು ಇಲ್ಲಿಂದ ಎಲ್ಲಿಗೆ ಕಳಿಸುತ್ತೀರಿ?”

ಅವರು ಹಾಗೆ ಓದಿಕೊಂಡದ್ದರಲ್ಲಿ ತಪ್ಪೇನೂ ಇಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಭಾಗವೇ ಮುಳುಗಿ ನವನಗರ ಎದ್ದು ನಿಂತ ಸೀಮೆ ಅದು. ಅಲ್ಲಿ ಪುನರ್ವಸತಿ ಕೇಂದ್ರವೆಂದರೆ ಮುಳುಗಿದ ಹಳ್ಳಿಗೆ ಬದಲಾಗಿ ಸರ್ಕಾರ ಕೊಟ್ಟ ಹೊಸ ಹಳ್ಳಿ. ಅದಕ್ಕೊಂದು ಪ್ರತ್ಯೇಕ ಕಚೇರಿ, ಆಯುಕ್ತರು, ಪರಿಹಾರದ ಕಡತಗಳು. ಆ ಪದವನ್ನು ಅವರು ನಮಗಿಂತ ಹೆಚ್ಚು ಬಲ್ಲರು. ರಾಜ್ಯದ ಉಳಿದ ಕಡೆ ಕೇಳಿದರೆ ಪುನರ್ವಸತಿ ಕೇಂದ್ರವೆಂದರೆ ಕುಡಿತ ಬಿಡಿಸುವ ಜಾಗ, ಅದೂ ಒಂದು ಮುಜುಗರ.

ಲ್ಯಾಟಿನ್ ಮೂಲದಲ್ಲಿ ವಸತಿಯ ಸುಳಿವೇ ಇಲ್ಲ. ಅಲ್ಲಿರುವುದು ‘ಹ್ಯಾಬಿಲಿಸ್’, ಅಂದರೆ ತಕ್ಕವನು, ಸಮರ್ಥ. ಕಳೆದುಹೋದ ಯೋಗ್ಯತೆಯನ್ನು ಮರಳಿ ಕೊಡುವುದು ಅದರ ತಿರುಳು. ದೇಶ ವಿಭಜನೆಯ ನಿರಾಶ್ರಿತರ ಕಾಲದಲ್ಲಿ ಮನೆಮಠ ಕಳೆದುಕೊಂಡವರಿಗೆ ನೆಲೆ ಕಲ್ಪಿಸುವುದೇ ಸರ್ಕಾರದ ರಿಹ್ಯಾಬಿಲಿಟೇಶನ್ ಆಗಿತ್ತಲ್ಲ, ‘ವಸತಿ’ ಒಳಹೊಕ್ಕದ್ದು ಆಗಲೇ ಇರಬೇಕೆಂದು ನನ್ನ ಗುಮಾನಿ. ಆ ಕೆಲಸಕ್ಕೆ ಅದು ಒಪ್ಪುವ ಪದವೇ. ಆಸ್ಪತ್ರೆಯ ಮಂಚಕ್ಕೆ ಅದನ್ನೇ ತಂದು ಹೊದಿಸಿದ್ದು ಎಡವಟ್ಟಾಯಿತು.

ಸರಿ, ‘ಪುನಶ್ಚೇತನ’ ಎನ್ನೋಣ ಎಂದರು ಜೊತೆಯವರು. ಕೆರೆಯ ಪುನಶ್ಚೇತನ, ರೋಗಗ್ರಸ್ತ ಕಾರ್ಖಾನೆಯ ಪುನಶ್ಚೇತನ, ಶಿಕ್ಷಕರ ಪುನಶ್ಚೇತನ ಶಿಬಿರ, ಎಲ್ಲೆಡೆ ಓಡಾಡುವ ಪದ. ಕೇಳಲು ಚೆನ್ನಾಗಿಯೇ ಇದೆ. ಆದರೆ ಬೇರೆ ಎಲ್ಲಿ ಬಳಸಿದರೂ ಐಸಿಯುವಿನಲ್ಲಿ ಬಳಸಬಾರದು. ಹೃದಯ ನಿಂತಾಗ ಎದೆ ಒತ್ತಿ ಉಸಿರು ಕೊಡುವ ಕ್ರಿಯೆಗೆ ನಾವಾಗಲೇ ‘ಹೃದಯ ಶ್ವಾಸಕೋಶ ಪುನಶ್ಚೇತನ’ ಎಂದು ಹೆಸರಿಟ್ಟು ಕೂತಿದ್ದೇವೆ. ಆ ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತವರಿಗೆ “ಬೆಳಿಗ್ಗೆ ನಿಮ್ಮ ತಂದೆಯವರಿಗೆ ಪುನಶ್ಚೇತನ ಮಾಡಿದೆವು” ಎಂದು ಯಾರಾದರೂ ಹೇಳಿದರೆ ಅವರ ಗತಿ ಏನಾಗಬೇಕು? ಇನ್ನು “ಪುನಶ್ಚೇತನ ಬೇಡ” ಎಂದು ಮನೆಯವರು ಕಾಗದಕ್ಕೆ ಸಹಿ ಹಾಕುವ ಸಂದರ್ಭವಂತೂ ಇದೆಯೇ ಇದೆ. ಒಂದೇ ಪದ ಎರಡು ಕಾಗದಗಳಲ್ಲಿ ಎರಡು ಅರ್ಥಕ್ಕೆ ನಿಲ್ಲುವುದು ಅಲ್ಲಿ ಬರೀ ಶೈಲಿಯ ಮಾತಲ್ಲ.

‘ಚೇತರಿಕೆ’ ನನಗೆ ಪ್ರಿಯವಾದ ಪದ. ಆದರೆ ಚೇತರಿಸಿಕೊಳ್ಳುವುದು ರೋಗಿ ತಾನಾಗಿ ಮಾಡುವ ಕೆಲಸ. ಇನ್ನೊಬ್ಬರು ಅವನನ್ನು ಚೇತರಿಸುವಂತಿಲ್ಲ. ಅದು ಫಲ, ಇದು ಬೇಸಾಯ. ‘ವ್ಯಾಯಾಮ’ ಎಂದು ಬರೆದ ಇನ್ನೊಂದು ಕರಡಿಗೆ ಸಿಕ್ಕ ಪ್ರತಿಕ್ರಿಯೆಯನ್ನೂ ಹೇಳಿಬಿಡುತ್ತೇನೆ: “ಉಸಿರಾಡಲೇ ಆಗದವರಿಗೆ ಕಸರತ್ತು ಮಾಡಿಸುತ್ತೀರಾ?” ‘ಭೌತಚಿಕಿತ್ಸೆ’ಯ ಬಗ್ಗೆ ಚರ್ಚೆ ಬೇಡ. ಅದು ಪತ್ರಿಕೆಯಲ್ಲಿ ಮಾತ್ರ ಬದುಕಿದೆ. ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಫಿಸಿಯೋಥೆರಪಿ, ಮಾಡಿಸುವವರು ‘ಫಿಸಿಯೋ’. ಹಾಗೆಯೇ ಇರಲಿ.

ಅಂದಹಾಗೆ ‘ತೀವ್ರ ನಿಗಾ ಘಟಕ’ವೂ ಈ ಗೊಂದಲಕ್ಕೆ ತನ್ನ ಪಾಲು ಸೇರಿಸುತ್ತದೆ. ನಿಗಾ ಎಂಬುದು ಪಾರಸಿಯ ನೋಟ. ಇಂಗ್ಲಿಷಿನಲ್ಲಿ ಆರೈಕೆ ಇದ್ದ ಕಡೆ ನಾವು ಕಾವಲನ್ನು ಇಟ್ಟೆವು. ಹೆಸರು ಕೇಳಿದವರ ಕಣ್ಣ ಮುಂದೆ ಅಲ್ಲಾಡದೆ ಮಲಗಿದ ರೋಗಿ ಮತ್ತು ಅವನನ್ನು ನೋಡುತ್ತ ನಿಂತ ಯಂತ್ರಗಳೇ ಬರುತ್ತವೆ, ಮುಟ್ಟಿ ಎಬ್ಬಿಸುವ ಕೈ ಬರುವುದಿಲ್ಲ.

ಆ ಕೈಗಳನ್ನು ನೋಡದೆ ಬರೆಯುವುದು ಬೇಡವೆಂದು, ಅನುಮತಿ ಪಡೆದು ಒಂದು ಬೆಳಿಗ್ಗೆ ಹೋಗಿದ್ದೆ. ಅದೇ ಯಜಮಾನರು. ಬಾಯಲ್ಲಿ ನಳಿಗೆ, ಕತ್ತಿನ ಬಳಿ ಡ್ರಿಪ್, ಮಂಚದ ಪಕ್ಕ ಮೂತ್ರದ ಚೀಲ. ಮೊದಲು ಫಿಸಿಯೋ ಬಂದು, ನಿದ್ದೆಯ ಔಷಧಿ ಎಷ್ಟು ಇಳಿದಿದೆ ಎಂದು ಸಿಸ್ಟರ್ ಅವರನ್ನು ಕೇಳಿದರು. “ಕಣ್ಣು ಬಿಡಿ. ನನ್ನ ಕೈ ಹಿಂಡಿ” ಎಂದರು. ಹಿಂಡಿದರು. ಮಂಚದ ತಲೆಭಾಗ ಮೇಲೆದ್ದಿತು. ಒಬ್ಬರು ಬಾಯಿಯ ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದರು, ಇನ್ನೊಬ್ಬರು ಚೀಲವನ್ನು ಈಚೆ ಬದಿಗೆ ತಂದರು, ಮೂರನೆಯವರು ಬೆನ್ನಿಗೆ ಕೈಕೊಟ್ಟರು. ಮಗ್ಗುಲಾದರು, ಕಾಲು ಅಂಚಿನಿಂದ ಕೆಳಗೆ ಬಂತು, ಪಾದ ನೆಲಕ್ಕೆ ತಾಗಿತು. ಕತ್ತು ಜೋಲಿತು, ಫಿಸಿಯೋ ಗಲ್ಲದ ಕೆಳಗೆ ಅಂಗೈ ಇಟ್ಟರು. ಎಲ್ಲರ ಕಣ್ಣೂ ಒಮ್ಮೆ ಮಾನಿಟರಿಗೆ, ಒಮ್ಮೆ ಮುಖಕ್ಕೆ. ಮೂರು ನಿಮಿಷ, ಅಷ್ಟೇ. ಮತ್ತೆ ಮಲಗಿಸಿದಾಗ ಹಣೆಯ ತುಂಬ ಬೆವರು.

ಗಾಜಿನಾಚೆಯಿಂದ ನೋಡುತ್ತಿದ್ದ ಹೆಂಡತಿ ಹೊರಗೆ ಬಂದು ಮಗನಿಗೆ ಫೋನಿನಲ್ಲಿ ಹೇಳುತ್ತಿದ್ದುದು ಕಿವಿಗೆ ಬಿತ್ತು: “ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತ ಹಾಗೆ ಕುಳಿತಿದ್ದರು.”

ಎರಡು ದಿನ ನಾನು ತಡಕಾಡಿದ್ದ ಪದ ಅದು! ಮೂಲದಲ್ಲಿ ‘ಡ್ಯಾಂಗ್ಲಿಂಗ್’ ಎಂದಿದ್ದುದಕ್ಕೆ ನಾನು ‘ಶಯ್ಯಾಂಚಿನ ಆಸೀನತೆ’ ಎಂದು ಬರೆದಿಟ್ಟಿದ್ದೆ. ನಗಬೇಡಿ. ಈಗ ‘ಕಾಲು ಇಳಿಬಿಟ್ಟು ಕೂರುವುದು’ ಎಂದು ತಿದ್ದಿದ್ದೇನೆ.

ಇದರಿಂದ ನನಗೆ ಅನಿಸಿದ್ದು, ಈ ವಿಷಯಕ್ಕೆ ಕನ್ನಡದಲ್ಲಿ ದೊಡ್ಡ ನಾಮಪದವನ್ನು ಹುಡುಕುವುದೇ ದಾರಿ ತಪ್ಪುವುದು. ಕ್ರಿಯಾಪದಗಳು ಸಾಲುಗಟ್ಟಿ ನಿಂತಿವೆ: ಆಡಿಸು, ಹೊರಳಿಸು, ಕೂರಿಸು, ಏಳಿಸು, ನಡೆಸು. ‘ಚಲನಶೀಲಗೊಳಿಸುವಿಕೆ’ಯನ್ನು ಯಾರ ತಲೆಗೂ ಹೊರಿಸಬೇಕಿಲ್ಲ. ಆದರೆ ಕ್ರಿಯಾಪದಗಳಲ್ಲೂ ಮುಳ್ಳುಗಳಿವೆ, ನಿಮ್ಮ ಮುಂದೆ ಇಡಬೇಕೆಂದದ್ದು ಅವನ್ನೇ.

ಮೊದಲನೆಯದು ‘ನಿಲ್ಲಿಸು’. ವೈದ್ಯರು ಹೊರಗೆ ಬಂದು “ನಾಳೆ ನಿಲ್ಲಿಸಿ ನೋಡುತ್ತೇವೆ” ಎಂದರೆ ಮನೆಯವರು ಏನೆಂದು ತಿಳಿಯಬೇಕು? ರೋಗಿಯನ್ನೋ, ವೆಂಟಿಲೇಟರನ್ನೋ? ವೆಂಟಿಲೇಟರಿಗೆ ‘ಬಿಡಿಸು’ ಎಂಬುದನ್ನು ಗೊತ್ತುಮಾಡಿಕೊಳ್ಳಬಹುದು. ಇಂಗ್ಲಿಷಿನಲ್ಲೂ ಮಗುವಿಗೆ ಹಾಲು ಬಿಡಿಸುವ ಪದವೇ ಅದಕ್ಕೆ ಬಳಕೆಯಲ್ಲಿದೆ. ಆದರೆ ರೋಗಿಯ ಪಾಲಿಗೆ? ‘ಎದ್ದು ನಿಲ್ಲಿಸುವುದು’ ವ್ಯಾಕರಣಕ್ಕೆ ಒಗ್ಗದು: ಏಳುವವನು ಒಬ್ಬ, ನಿಲ್ಲಿಸುವವನು ಇನ್ನೊಬ್ಬ. ‘ಕಾಲ ಮೇಲೆ ನಿಲ್ಲಿಸುವುದು’ ಎಂದರೆ ಸಾಲಸೋಲ ತೀರಿಸಿ ಕೊಟ್ಟಂತೆ ಕೇಳುತ್ತದೆ.

ಎರಡನೆಯದು ‘ಎಬ್ಬಿಸು’. ಇದರ ಇಬ್ಬಗೆ ನನಗೆ ವರದಂತೆ ಕಾಣುತ್ತದೆ, ನಿಮ್ಮಲ್ಲಿ ವೈದ್ಯರಿದ್ದರೆ ಒಪ್ಪುವರೋ ತಿಳಿಯದು. ನಿದ್ದೆಯಿಂದ ಎಬ್ಬಿಸುವುದೂ ಎಬ್ಬಿಸುವುದೇ, ಹಾಸಿಗೆಯಿಂದ ಎಬ್ಬಿಸುವುದೂ ಎಬ್ಬಿಸುವುದೇ. ಐಸಿಯುವಿನಲ್ಲಿ ಇವೆರಡೂ ಕೈಹಿಡಿದೇ ನಡೆಯುತ್ತವೆ. ನಿದ್ದೆಯ ಔಷಧಿಯನ್ನು ದಿನಕ್ಕೊಮ್ಮೆ ತಡೆದು ಎಚ್ಚರಿಸದೆ ಕೂರಿಸುವುದಾದರೂ ಯಾರನ್ನು? ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 2009ರಲ್ಲಿ ಪ್ರಕಟವಾದ ಅಮೆರಿಕದ ಹೆಸರಾಂತ ಅಧ್ಯಯನ ಮಾಡಿದ್ದೂ ಇದನ್ನೇ. ವೆಂಟಿಲೇಟರಿನಲ್ಲಿದ್ದ 104 ರೋಗಿಗಳಿಗೆ ದಿನವೂ ನಿದ್ದೆಯ ಔಷಧಿಯನ್ನು ತಡೆಯಲಾಯಿತು. ಅವರಲ್ಲಿ ಒಂದು ಗುಂಪಿಗೆ ಮೊದಲ ದಿನಗಳಿಂದಲೇ ಕೈಕಾಲಿನ ಅಭ್ಯಾಸವನ್ನೂ ಕೂಡಿಸಿದರು. ಆಸ್ಪತ್ರೆ ಬಿಡುವಾಗ ತಮ್ಮ ಕೆಲಸ ತಾವು ಮಾಡಿಕೊಳ್ಳುವ ಮಟ್ಟಕ್ಕೆ ಮರಳಿದವರು ಆ ಗುಂಪಿನಲ್ಲಿ ಶೇ. 59, ಇನ್ನೊಂದರಲ್ಲಿ ಶೇ. 35.

ಮೂರನೆಯ ಮುಳ್ಳು ಕ್ರಿಯಾಪದವಲ್ಲ, ಅದರ ಬಾಲಕ್ಕೆ ಅಂಟಿದ ‘ಬೇಗ’. ಮೂಲದ ‘ಅರ್ಲಿ’ಗೆ ‘ಬೇಗ ಏಳಿಸುವುದು’ ಎಂದು ಬರೆದಿದ್ದೆ. ಕನ್ನಡದ ಬೇಗ ಹೊತ್ತಿಗೆ ಮುಂಚೆಯೂ ಹೌದು, ಅವಸರವೂ ಹೌದು. ಇಲ್ಲಿ ಎರಡನೆಯ ಅರ್ಥ ನುಸುಳಿದರೆ ಕೆಡುಕು. ಆರು ದೇಶಗಳ 750 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ‘ಟೀಮ್’ ಪ್ರಯೋಗದಲ್ಲಿ, ದಿನಕ್ಕೆ ಸುಮಾರು 9 ನಿಮಿಷ ಎಬ್ಬಿಸಿದವರಿಗೂ ಸುಮಾರು 21 ನಿಮಿಷ ಎಬ್ಬಿಸಿದವರಿಗೂ ಆರು ತಿಂಗಳ ಕೊನೆಗೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅದರ ಮೇಲೆ, ಹೃದಯದ ಬಡಿತ ಏರುಪೇರಾಗುವುದು, ರಕ್ತದೊತ್ತಡ ಅಥವಾ ಆಮ್ಲಜನಕ ಕುಸಿಯುವುದು ಮುಂತಾದ ತೊಂದರೆಗಳು ಹೆಚ್ಚು ಎಬ್ಬಿಸಿದ ಗುಂಪಿನಲ್ಲೇ ಜಾಸ್ತಿ. ಮಲಗಿಸಿಯೇ ಇಡಿ ಎಂದು ಇದರ ಅರ್ಥವಲ್ಲ, ಎರಡೂ ಕಡೆ ಎಬ್ಬಿಸುತ್ತಲೇ ಇದ್ದರು. ಆತುರ ಬೇಡ ಎಂದಷ್ಟೇ. ಹಾಗಾಗಿ ‘ಬೇಗ’ವನ್ನು ತೆಗೆದು ‘ಮೊದಲ ದಿನಗಳಿಂದಲೇ, ಮೈ ತಡೆಯುವಷ್ಟು’ ಎಂದು ಹಾಕಿದ್ದೇನೆ. ಉದ್ದವಾಯಿತು ಎಂದು ಪ್ರಕಾಶಕರು ಗೊಣಗುತ್ತಿದ್ದಾರೆ.

ಕೊನೆಯದಾಗಿ, ಈ ಎಲ್ಲ ಉಪಚಾರ ಯಾವುದರ ವಿರುದ್ಧವೋ ಆ ಸ್ಥಿತಿಯ ಹೆಸರು: ಐಸಿಯುವಿನಲ್ಲಿ ಮಲಗಿದವರ ಮಾಂಸಖಂಡಗಳು ಸೊರಗಿ ಕೈಕಾಲಿನ ಬಲ ಕುಂದುವುದು. ‘ಸ್ನಾಯು ದೌರ್ಬಲ್ಯ’ ಎಂದರೆ ಬಸ್ ನಿಲ್ದಾಣದ ಗೋಡೆಯ ‘ನರದೌರ್ಬಲ್ಯ’ದ ಜಾಹೀರಾತು ನೆನಪಾಗುತ್ತದೆ. ‘ಸ್ನಾಯು ಕ್ಷಯ’ ಎಂದರೆ ಟಿಬಿ ಎಂದುಕೊಳ್ಳುತ್ತಾರೆ. ‘ಸುಸ್ತು’ ತೀರಾ ಹಗುರ. ಮಲಗಿ ಎದ್ದರೆ ಹೋಗುವಂಥದ್ದು ಸುಸ್ತು. ಇದೋ, ಮಲಗಿದಷ್ಟೂ ಏರುವುದು. ಹತ್ತೇ ದಿನದಲ್ಲಿ ತೊಡೆಯ ಮುಂಭಾಗದ ಮಾಂಸಖಂಡದ ಅಡ್ಡಕೊಯ್ತದ ವಿಸ್ತೀರ್ಣ ಸರಾಸರಿ ಶೇ. 17ಕ್ಕೂ ಹೆಚ್ಚು ಇಳಿದದ್ದನ್ನು 2013ರ ಲಂಡನ್ನಿನ ಅಧ್ಯಯನವೊಂದು ಅಳೆದು ತೋರಿಸಿದೆ. ಪರೀಕ್ಷಿಸುವ ಬಗೆ ಸರಳ. ಎರಡೂ ಬದಿಯ ತೋಳು, ಮೊಣಕೈ, ಮಣಿಕಟ್ಟು, ತೊಡೆಸಂದು, ಮೊಣಕಾಲು, ಪಾದಗಳ ಬಲಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ. ಒಟ್ಟು 60ಕ್ಕೆ 48ಕ್ಕಿಂತ ಕಡಿಮೆ ಬಂದರೆ ಈ ಸ್ಥಿತಿ ಇದೆಯೆಂದು ಲೆಕ್ಕ. ನನಗೆ ‘ತ್ರಾಣ’ ಹಿಡಿಸಿದೆ. “ಕೈಯಲ್ಲಿ ತ್ರಾಣವಿಲ್ಲ” ಎಂದು ಎಲ್ಲರೂ ಅನ್ನುವ ಮಾತು. ‘ಐಸಿಯು ನಿತ್ರಾಣ’ ಎಂದರೆ ನಡೆದೀತೇ? ಅಥವಾ ‘ಹಾಸಿಗೆ ಹಿಡಿದ’ ಎಂಬ ನುಡಿಗಟ್ಟಿನಿಂದ ಏನನ್ನಾದರೂ ಕಡೆಯಬಹುದೇ? ಅದರಲ್ಲಿ ಹಿಡಿದವರು ಯಾರು, ಹಿಡಿಸಿಕೊಂಡವರು ಯಾರು ಎಂಬುದು ಇನ್ನೊಂದು ಚರ್ಚೆ.

ಕರಡು ಮುಂದಿನ ಗುರುವಾರ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ‘ನಿಲ್ಲಿಸು’ವಿಗೆ ಪರ್ಯಾಯ ಬೇಕು. ಬಹುದಿನ ಮಲಗಿದವರನ್ನು ಮೊದಲ ಸಲ ಎತ್ತಿ ನಿಲ್ಲಿಸುವುದಕ್ಕೆ, ಅಂಬೆಗಾಲಿಡುವ ಮಗುವನ್ನು ಕೈಹಿಡಿದು ನಿಲ್ಲಿಸುವುದಕ್ಕೆ ನಿಮ್ಮ ಊರಿನಲ್ಲಿ, ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಬೇರೆ ಮಾತು ಏನಾದರೂ ಇದ್ದರೆ ತಿಳಿಸಿ. ಕರಾವಳಿ ಮತ್ತು ಮಲೆನಾಡಿನವರಿಂದ ವಿಶೇಷವಾಗಿ ಕೇಳುತ್ತಿದ್ದೇನೆ. ಬಾಗಲಕೋಟೆಯವರನ್ನು ಕೇಳಿ ಆಗಿದೆ, ಅವರೂ ‘ನಿಲ್ಲಿಸು’ ಎಂದೇ ಅಂದರು.